ಸಹಾಯಾರ್ಥ ಸೈಕಲ್ ಯಾತ್ರೆ ಯಾರ ಸಹಾಯಕ್ಕೆ?

ಈ ಸಾಲಿನ ಶಾಲಾ ಇಂಟರ್ನ್‌ಶಿಪ್ ಅವಧಿಯಲ್ಲಿ ಶಿಕಾರಿಪುರದಿಂದ ಸೊರಬ ತಾಲ್ಲೂಕಿನ ಗುಡವಿಯವರೆಗೆ ಸಹಾಯಾರ್ಥ ಸೈಕಲ್ ಯಾತ್ರೆ ನಡೆಸಬೇಕೆಂದು ನಮ್ಮ ಪ್ರಶಿಕ್ಷಣಾರ್ಥಿಗಳ ಒಂದು ಗುಂಪು ಪ್ರಸ್ತಾಪ ಮುಂದಿಟ್ಟಿದೆ. ಶಿರಾಳಕೊಪ್ಪ, ಸೊರಬ ದಾಟಿ ಗುಡವಿ ಸೇರಲು ಅಂದಾಜು 55ರಿಂದ 60 ಕಿಲೋಮೀಟರ್. ರಾತ್ರಿ ಅಲ್ಲೇ ಎಲ್ಲಾದರೂ ತಂಗಿ ಮರುದಿನ ಅದೇ ದಾರಿಯಲ್ಲಿ ವಾಪಸ್ಸು. ಸಂಗ್ರಹವಾದ ಹಣ ‘ಬಡ ವಿದ್ಯಾರ್ಥಿಗಳ ನೆರವಿಗೆ’ ಎಂದು ಪ್ರಸ್ತಾಪದ ಕೊನೆಯ ಸಾಲಿನಲ್ಲಿದೆ. ಬೋಧಕರ ಕೊಠಡಿಯಲ್ಲಿ ಎರಡು ಅಭಿಪ್ರಾಯ ಎದ್ದಿವೆ. ಪಾಠದ ದಿನಗಳನ್ನು ಇಂಥದ್ದಕ್ಕೆ ಕಳೆಯುವುದು ಬೇಡ ಎಂದು ಕೆಲವರು. ಹುಡುಗರಿಗೆ ಉತ್ಸಾಹವಿದೆ, ತಡೆಯುವುದು ಯಾಕೆ ಎಂದು ಇನ್ನು ಕೆಲವರು. ನನಗೆ ಎರಡೂ ಒಪ್ಪಿಗೆಯಿಲ್ಲ. ಯಾತ್ರೆ ನಡೆಯಲಿ, ಆದರೆ ಈಗ ಬರೆದಿರುವ ರೂಪದಲ್ಲಿ ಬೇಡ. ಹಣ ಯಾವುದಕ್ಕೆ ಎಂಬುದನ್ನು ಕೊನೆಯ ಸಾಲಿನಿಂದ ಮೊದಲ ಸಾಲಿಗೆ ತಂದರೆ ಉಳಿದದ್ದೆಲ್ಲ ಬದಲಾಗುತ್ತದೆ ಎಂಬುದು ನನ್ನ ವಾದ.

ನಮ್ಮ ಸೀಮೆಗೆ ‘ಸಹಾಯಾರ್ಥ’ ಎಂಬ ಮಾತು ಹೊಸದಲ್ಲ. ಶಾಲೆಯ ಹೆಂಚು ಬದಲಿಸಲು, ರಂಗಮಂದಿರ ಕಟ್ಟಲು ಊರವರು ಸಹಾಯಾರ್ಥ ನಾಟಕ ಆಡಿದ್ದಾರೆ, ಯಕ್ಷಗಾನ ಆಡಿಸಿದ್ದಾರೆ. ಸೈಕಲ್ ತುಳಿದು ಹಣ ಎತ್ತುವುದೂ ಹಳೆಯದೇ. ಶಾಲೆಯ ಮೈದಾನದಲ್ಲಿ ಹಗಲು ರಾತ್ರಿ ಕಾಲು ನೆಲಕ್ಕೆ ತಾಗಿಸದೆ ಸೈಕಲ್ ತುಳಿಯುತ್ತಿದ್ದ, ಸೈಕಲ್ ಮೇಲೆಯೇ ಸ್ನಾನ ಮಾಡಿ ಊಟ ಮಾಡುತ್ತಿದ್ದ ಸಾಹಸಿಗರನ್ನು ಐವತ್ತು ದಾಟಿದ ಯಾರೂ ಮರೆತಿರಲಾರರು. ಜನ ಅವರ ಅಂಗಿಗೆ ಐದು, ಹತ್ತರ ನೋಟು ಸಿಕ್ಕಿಸುತ್ತಿದ್ದರು. ಅಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಕೊಟ್ಟ ಹಣ ತುಳಿದವನ ಹೊಟ್ಟೆಗೆ ಎಂದು ಕೊಟ್ಟವರಿಗೆ ತಿಳಿದಿತ್ತು. ಇನ್ನೊಬ್ಬರ ಹೆಸರಿನಲ್ಲಿ ಕೈಚಾಚುವಾಗ ಅಷ್ಟೇ ಸ್ಪಷ್ಟತೆ ನಮಗೂ ಬೇಕು.

ಒಂದು ಲೆಕ್ಕ ಹಾಕೋಣ. ಅಂಕಿಗಳು ಊಹೆಯವು, ಆದರೆ ಅಸಂಭವವಲ್ಲ. ಇಪ್ಪತ್ತು ಸವಾರರು. ಟೀ ಶರ್ಟ್ ಒಂದಕ್ಕೆ 250ರಂತೆ 5,000 ರೂಪಾಯಿ. ಬ್ಯಾನರ್ 1,500. ಹಿಂದೆ ಬರುವ ವಾಹನಕ್ಕೆ 3,500. ತಲೆಗೆ 150ರಂತೆ ಊಟ-ತಿಂಡಿ 3,000. ಒಟ್ಟು 13,000. ಅಂಗಡಿ, ಮನೆ, ಪೋಷಕರಿಂದ 16,000 ಸಂಗ್ರಹವಾಯಿತು ಎನ್ನಿ. ಮಕ್ಕಳಿಗೆ ಉಳಿದದ್ದು 3,000. ಅಂದರೆ ದಾನಿ ಕೊಟ್ಟ ನೂರು ರೂಪಾಯಿಯಲ್ಲಿ ಎಂಬತ್ತೊಂದು ನಮ್ಮ ಟೀ ಶರ್ಟಿಗೂ ಚಿತ್ರಾನ್ನಕ್ಕೂ ಹೋಯಿತು. ಶೇಕಡಾವಾರು ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ದೊಡ್ಡ ಪ್ರಮಾಣದಲ್ಲಿ ನಡೆಸಿದವರೂ ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕ್ಯಾನ್ಸರ್ ಸಂಶೋಧನೆಗಾಗಿ ನಡೆಯುವ ಪ್ಯಾನ್-ಮ್ಯಾಸ್ ಚಾಲೆಂಜ್ 1980ರಲ್ಲಿ 36 ಸವಾರರಿಂದ ಆರಂಭವಾಯಿತು. ಆ ವರ್ಷ ಕೂಡಿದ್ದು 10,200 ಡಾಲರ್. ಈಗ ಅದು ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ಎತ್ತುತ್ತದೆ. ಸವಾರರು ಸಂಗ್ರಹಿಸಿದ ಹಣ ಪೂರ್ತಿಯಾಗಿ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಸೇರಬೇಕು, ಯಾತ್ರೆಯ ಖರ್ಚು ನೋಂದಣಿ ಶುಲ್ಕ ಮತ್ತು ಪ್ರಾಯೋಜಕರಿಂದ ಬರಬೇಕು ಎಂಬ ನಿಯಮ ಅಲ್ಲಿದೆ. ಇನ್ನೊಂದು ಕಡೆ, ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ವರೆಗೆ ಏಳು ದಿನ, ಸುಮಾರು 877 ಕಿಲೋಮೀಟರ್ ಸಾಗುತ್ತಿದ್ದ ಏಡ್ಸ್ ಲೈಫ್‌ಸೈಕಲ್ ಯಾತ್ರೆ 2025ರಲ್ಲಿ ಕೊನೆಗೊಂಡಿತು. ಖರ್ಚು ಏರುತ್ತಾ ಹೋಯಿತು, ಬರುವ ಹಣ ಇಳಿಯುತ್ತಾ ಹೋಯಿತು. ನಮ್ಮದು ಇಪ್ಪತ್ತು ಜನರ ಸಣ್ಣ ಯಾತ್ರೆ. ಆದರೂ ನಿಯಮ ಅದೇ ಇರಲಿ: ಸವಾರರ ಖರ್ಚು ಸವಾರರದೇ. ಬುತ್ತಿ ಮನೆಯಿಂದ. ಟೀ ಶರ್ಟ್ ಬೇಡವೇ ಬೇಡ. ಬ್ಯಾನರ್ ಬೇಕಾದರೆ ಹಳೆಯ ಬೆಡ್‌ಶೀಟಿನ ಮೇಲೆ ಚಿತ್ರಕಲೆಯಲ್ಲಿ ಕೈ ಪಳಗಿದವರು ಬರೆಯಲಿ.

ಇನ್ನು ಹಣ ಯಾವುದಕ್ಕೆ? ನನ್ನ ಸಲಹೆ ಸೈಕಲ್‌ಗೇ.

ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಕರ್ನಾಟಕದಲ್ಲಿ 2006-07ರಲ್ಲಿ ಆರಂಭವಾಯಿತು. ಆಗ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ನೋಡುತ್ತಿದ್ದವರು ಶಿಕಾರಿಪುರದ ಶಾಸಕರಾದ ಬಿ.ಎಸ್. ಯಡಿಯೂರಪ್ಪ, ಹಾಗಾಗಿ ಈ ತಾಲ್ಲೂಕಿನವರಿಗೆ ಆ ಯೋಜನೆ ತಮ್ಮದೇ ಎಂಬ ಭಾವನೆ ಇವತ್ತಿಗೂ ಇದೆ. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಅದಕ್ಕೆ ಮೊದಲು ಕೊಟ್ಟ ಸೈಕಲ್‌ಗಳು ಅಕ್ಕನಿಂದ ತಂಗಿಗೆ, ಅಣ್ಣನಿಂದ ತಮ್ಮನಿಗೆ ಬಂದಿವೆ. ಕೆಲವು ಓಡುತ್ತಿವೆ. ಬಹಳಷ್ಟು ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿವೆ, ಕಾರಣ ತೀರಾ ಸಣ್ಣದು: ಟ್ಯೂಬ್ ಹೋಗಿದೆ, ಚೈನ್ ತುಕ್ಕು ಹಿಡಿದಿದೆ, ಬ್ರೇಕಿನ ರಬ್ಬರ್ ಸವೆದಿದೆ, ನಾಲ್ಕು ಕಡ್ಡಿ ಮುರಿದಿವೆ. ಪಂಚರ್ ಅಂಗಡಿ ಇರುವುದು ಪೇಟೆಯಲ್ಲಿ, ಸೈಕಲ್ ಇರುವುದು ಹಳ್ಳಿಯಲ್ಲಿ. ಬೈಕ್ ಬಂದ ಮೇಲೆ ಹಳ್ಳಿಗಳ ಸೈಕಲ್ ಶಾಪುಗಳೂ ಒಂದೊಂದಾಗಿ ಬಾಗಿಲು ಹಾಕಿವೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಸೈಕಲ್ ಯಾಕೆ ಎಂದು ಕೇಳಬಹುದು. ಮಲೆನಾಡಿನ ಅನೇಕ ಮಾರ್ಗಗಳಲ್ಲಿ ಖಾಸಗಿ ಬಸ್ಸೇ ಗತಿ, ಅಲ್ಲಿ ಆ ಸೌಲಭ್ಯವಿಲ್ಲ. ಬಸ್ಸು ಬರುವ ಹೊತ್ತಿಗೂ ಶಾಲೆಯ ಗಂಟೆಗೂ ತಾಳೆಯಾಗದ ಊರುಗಳಿವೆ. ಏಳನೇ ತರಗತಿ ಮುಗಿಸಿ ಮೂರು-ನಾಲ್ಕು ಕಿಲೋಮೀಟರ್ ದೂರದ ಪ್ರೌಢಶಾಲೆಗೆ ಹೋಗಬೇಕಾದ ಹುಡುಗಿಯ ಹಾಜರಾತಿ ಒಂದು ಟ್ಯೂಬಿನ ಮೇಲೆ ನಿಂತಿರುವ ಸಾಧ್ಯತೆ ನಿಜಕ್ಕೂ ಇದೆ. ‘ಬಡ ವಿದ್ಯಾರ್ಥಿಗಳ ನೆರವು’ ಎಂಬ ಸಡಿಲ ಮಾತಿನ ಜಾಗದಲ್ಲಿ ‘ನಮ್ಮ ಇಂಟರ್ನ್‌ಶಿಪ್ ಶಾಲೆಗಳ ಇಷ್ಟು ಸೈಕಲ್‌ಗಳ ದುರಸ್ತಿ’ ಎಂದು ಬರೆದರೆ ದಾನಿಗೂ ಅರ್ಥವಾಗುತ್ತದೆ, ಲೆಕ್ಕ ಒಪ್ಪಿಸುವುದೂ ಸುಲಭ. ನೋಟ್‌ಬುಕ್ ಹಂಚಿ ಫೋಟೋ ತೆಗೆಸಿಕೊಳ್ಳುವ ಕಾರ್ಯಕ್ರಮಗಳು ಸಾಕಷ್ಟು ಆಗಿವೆ.

ಇದನ್ನು ಒಪ್ಪಿದರೆ ‘ಪಾಠದ ದಿನಗಳು ಹಾಳು’ ಎಂಬ ಆಕ್ಷೇಪಕ್ಕೂ ಉತ್ತರ ಸಿಗುತ್ತದೆ. ಎನ್‌ಸಿಟಿಇಯ 2014ರ ನಿಯಮಾವಳಿ ಬಂದ ಮೇಲೆ ಬಿ.ಇಡಿ. ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಕಳೆಯಬೇಕಾದ ಅವಧಿ ಒಟ್ಟು 20 ವಾರಕ್ಕೆ ಏರಿತು. ಇಷ್ಟು ದೀರ್ಘ ಅವಧಿ ಕೊಟ್ಟದ್ದು ಪ್ರಶಿಕ್ಷಣಾರ್ಥಿ ಶಾಲೆಯ ಬದುಕಿನೊಳಗೆ ಇಳಿಯಲಿ ಎಂದು. ನಾವು ಮಾತ್ರ ಹಳೆಯ ರೂಢಿಯಂತೆ ಪಾಠ ಯೋಜನೆಗಳ ಸಂಖ್ಯೆ ಎಣಿಸುತ್ತಿದ್ದೇವೆ. ಮಗು ಶಾಲೆಗೆ ಹೇಗೆ ಬರುತ್ತದೆ, ಎಷ್ಟು ಹೊತ್ತಿಗೆ ಮನೆ ಬಿಡುತ್ತದೆ, ಮೊದಲ ಅವಧಿಯಲ್ಲಿ ಯಾಕೆ ತೂಕಡಿಸುತ್ತದೆ ಎಂದು ತಿಳಿಯದೆ ಬರೆದ ‘ಪೂರ್ವಜ್ಞಾನ’ದ ಅಂಕಣಕ್ಕೆ ಏನು ಬೆಲೆ? ಸೈಕಲ್ ಎಣಿಸಲು ಮನೆಮನೆಗೆ ಹೋದ ಪ್ರಶಿಕ್ಷಣಾರ್ಥಿಗೆ ಈ ಉತ್ತರಗಳು ಜಗಲಿಯಲ್ಲೇ ಸಿಗುತ್ತವೆ. ದುರಸ್ತಿಯನ್ನೂ ಮಕ್ಕಳ ಜೊತೆಗೂಡಿ ಮಾಡಬೇಕು. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುವುದು, ಉಪ್ಪುಕಾಗದದಿಂದ ಉಜ್ಜುವುದು, ಸೊಲ್ಯೂಷನ್ ಹಚ್ಚಿ ಒಣಗಲು ಬಿಟ್ಟು ಆಮೇಲೆ ಪ್ಯಾಚ್ ಅಂಟಿಸುವುದು: ಒತ್ತಡ, ಘರ್ಷಣೆ, ಅಂಟು ಎಲ್ಲವೂ ಅಲ್ಲಿವೆ. ಮುಂದಿನ ಹಲ್ಲುಗಾಲಿಯ ಹಲ್ಲು, ಹಿಂದಿನ ಫ್ರೀವೀಲಿನ ಹಲ್ಲು ಎಣಿಸಿ, ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಎಷ್ಟು ಸುತ್ತು ಎಂದು ಕೇಳಿ. ಅನುಪಾತ ಕಪ್ಪುಹಲಗೆಯಲ್ಲಿ ಬಾರದ ಮಗುವಿಗೆ ಇಲ್ಲಿ ಬಂದೀತು.

ಸವಾರಿಯ ತಯಾರಿಯ ಬಗ್ಗೆ ಪ್ರಸ್ತಾಪದಲ್ಲಿ ಒಂದೇ ಸಾಲಿದೆ: ‘ಒಂದು ವಾರ ಮೊದಲು ಅಭ್ಯಾಸ’. ಇದನ್ನು ಓದಿ ನನಗೆ ಪಾಠ ಯೋಜನೆಯ ದಾಖಲೆ ಪುಸ್ತಕಗಳು ನೆನಪಾದವು. ಸಲ್ಲಿಸುವ ಹಿಂದಿನ ರಾತ್ರಿ ಹಿರಿಯರ ಪುಸ್ತಕ ನೋಡಿ ತುಂಬಿಸುವ ಕಲೆ ಎಲ್ಲ ಕಾಲೇಜುಗಳಿಗೂ ಗೊತ್ತು. ಮಂಡಿ ಮತ್ತು ಬೆನ್ನಿನ ವಿಷಯದಲ್ಲಿ ಆ ಕಲೆ ನಡೆಯುವುದಿಲ್ಲ. ದೂರದ ಸವಾರಿಯನ್ನೇ ಗಂಭೀರವಾಗಿ ಮಾಡುವವರು ಬ್ರೆವೆ ಎಂಬ ಓಟಗಳಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುತ್ತಾರೆ. 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರೀಸ್‌ನಲ್ಲಿ ದಿನಗಟ್ಟಲೆ ಘಟ್ಟ ಹತ್ತುತ್ತಾರೆ. ಅವರ ಹಿಂದೆ ತಿಂಗಳುಗಳ ಅಭ್ಯಾಸವಿದೆ, ಗೇರ್ ಸೈಕಲ್‌ಗಳಿವೆ. ನಮ್ಮವರು ತುಳಿಯಬೇಕಾದದ್ದು ಎಂಟನೇ ತರಗತಿಯ ಹುಡುಗಿ ತುಳಿಯುವಂಥ ಗೇರಿಲ್ಲದ ಸೈಕಲ್ ಎಂಬುದು ನನ್ನ ಹಟ. ಬಾಡಿಗೆಗೆ ತಂದ ಗೇರ್ ಸೈಕಲ್‌ನಲ್ಲಿ ಹೋದರೆ ದುರಸ್ತಿಯಾದ ಬ್ರೇಕ್ ಹಿಡಿಯುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವವರು ಯಾರು?

ಆದ್ದರಿಂದ ಎಂಟು ವಾರ ಬೇಕು. ವಾರದಲ್ಲಿ ಮೂರು ದಿನ ಅರ್ಧ-ಮುಕ್ಕಾಲು ಗಂಟೆ, ಭಾನುವಾರ ಒಂದು ಉದ್ದನೆಯ ಸವಾರಿ. ಮೊದಲ ಭಾನುವಾರ ಹತ್ತು ಕಿಲೋಮೀಟರ್ ಸಾಕು. ಹದಿನೈದು, ಇಪ್ಪತ್ತು, ಇಪ್ಪತ್ತೆಂಟು ಎಂದು ಏರಿಸಿ ಏಳನೇ ವಾರಕ್ಕೆ ನಲವತ್ತೈದು ಮುಟ್ಟಿ, ಎಂಟನೇ ವಾರ ಕಡಿಮೆ ಮಾಡಬೇಕು. ಸೀಟಿನ ಎತ್ತರ ಮೊದಲ ದಿನವೇ ಸರಿಪಡಿಸಿ: ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ನಮ್ಮಲ್ಲಿ ಬಹುತೇಕರು ಸೀಟು ತಗ್ಗಿಸಿಕೊಂಡು ಮಂಡಿ ಎದೆಗೆ ತಾಗುವಂತೆ ತುಳಿಯುತ್ತಾರೆ, ಇಪ್ಪತ್ತು ಕಿಲೋಮೀಟರಿಗೆ ಮಂಡಿ ಹಿಡಿದು ಕೂರುತ್ತಾರೆ. ಬಾಯಾರುವ ಮೊದಲೇ ನೀರು, ಹಸಿಯುವ ಮೊದಲೇ ಬಾಳೆಹಣ್ಣೋ ಶೇಂಗಾ ಚಿಕ್ಕಿಯೋ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸುವ ವಿಧಾನವನ್ನು ವಿಜ್ಞಾನದವರು ಹೇಗೂ ಕಲಿಸುತ್ತಾರೆ, ಒಮ್ಮೆ ಕುಡಿದೂ ನೋಡಲಿ. ಗಂಟೆಗೆ ಹನ್ನೆರಡು ಕಿಲೋಮೀಟರಿನ ಲೆಕ್ಕದಲ್ಲಿ ಐದು ತಾಸು ತುಳಿತ, ಎರಡು ತಾಸು ವಿಶ್ರಾಂತಿ. ಬೆಳಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನ ಒಂದಕ್ಕೆ ಗುಡವಿ.

ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಎಂಟನೇ ತರಗತಿಯ ಸೈಕಲ್ ಬಿಟ್ಟ ಮೇಲೆ ಮತ್ತೆ ಹತ್ತದವರು, ಕಲಿಯದೇ ಉಳಿದವರು ಅವರಲ್ಲಿದ್ದಾರೆ. ಪ್ರಸ್ತಾಪದ ಪಟ್ಟಿಯಲ್ಲಿ ಗಂಡುಮಕ್ಕಳು ಸವಾರರು, ಹೆಣ್ಣುಮಕ್ಕಳು ‘ಸ್ವಾಗತ ಮತ್ತು ಉಪಾಹಾರ ಸಮಿತಿ’. ಈ ಪಟ್ಟಿಯನ್ನು ಮೊದಲು ಹರಿಯಬೇಕು. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1991ರ ಸುಮಾರಿಗೆ ಸಾಕ್ಷರತಾ ಆಂದೋಲನದ ಭಾಗವಾಗಿಯೇ ಹೆಂಗಸರಿಗೆ ಸೈಕಲ್ ಕಲಿಸಿದರು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅದರ ಬೆನ್ನಿಗೆ ನಿಂತರು. 70,000ಕ್ಕೂ ಹೆಚ್ಚು ಮಹಿಳೆಯರು ಸಾರ್ವಜನಿಕವಾಗಿ ತಮ್ಮ ಸೈಕಲ್ ಕೌಶಲ ತೋರಿಸಿದರೆಂದು ಪತ್ರಕರ್ತ ಪಿ. ಸಾಯಿನಾಥ್ ದಾಖಲಿಸಿದ್ದಾರೆ. ಅವರಲ್ಲಿ ಕೂಲಿಯವರು, ಕಲ್ಲುಕ್ವಾರಿಯವರು, ಅಂಗನವಾಡಿಯವರು, ಶಿಕ್ಷಕಿಯರು ಎಲ್ಲರೂ ಇದ್ದರು. ಎಂಟು ವಾರದಲ್ಲಿ ನಮ್ಮ ಹುಡುಗಿಯರಿಗೆ ಅಸಾಧ್ಯ ಎನ್ನಲು ಕಾರಣ ಕಾಣುವುದಿಲ್ಲ. ಅರವತ್ತು ಕಿಲೋಮೀಟರ್ ಆಗದವರು ಸೊರಬದಿಂದ ಕೂಡಿಕೊಳ್ಳಲಿ, ಅಲ್ಲಿಂದ ಗುಡವಿಗೆ ಹದಿನೈದು-ಹದಿನಾರು ಕಿಲೋಮೀಟರ್ ಅಷ್ಟೆ.

ದಾರಿಯಲ್ಲಿ ಒಂದು ವ್ಯವಸ್ಥೆಗೆ ಮಾತ್ರ ರಾಜಿ ಬೇಡ. ಎಲ್ಲರಿಗಿಂತ ಗಟ್ಟಿಮುಟ್ಟಾದ ಸವಾರ ಎಲ್ಲರಿಗಿಂತ ಹಿಂದೆ ಇರಬೇಕು, ಪಂಪು ಮತ್ತು ಪಂಚರ್ ಸಾಮಾನು ಅವನ ಕ್ಯಾರಿಯರಿನಲ್ಲಿ. ಅವನು ಯಾರನ್ನೂ ದಾಟುವಂತಿಲ್ಲ. ಗುಂಪಿನ ವೇಗವನ್ನು ನಿಧಾನದವರು ನಿರ್ಧರಿಸುತ್ತಾರೆ. ಮುಂದಿನ ಬೆಂಚಿನ ನಾಲ್ವರು ತಲೆಯಾಡಿಸಿದೊಡನೆ ಮುಂದಿನ ಅಂಶಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಈ ಹಿಂಬದಿಯ ಜಾಗವನ್ನು ಸರದಿಯಂತೆ ಕೊಡಬೇಕೆಂದು ನನ್ನ ಆಸೆ. ವೀಕ್ಷಣಾ ನಮೂನೆಯಲ್ಲಿ ನಾವು ಬರೆಯುವ ಹಿಮ್ಮಾಹಿತಿಗಿಂತ ಅದು ಬೇಗ ತಾಗೀತು. ಶಾಲಾ ಮಕ್ಕಳು ಹೆದ್ದಾರಿಯಲ್ಲಿ ನಮ್ಮ ಜೊತೆ ತುಳಿಯುವುದು ಬೇಡ. ಡಬ್ಬ ಹಿಡಿದು ಅಂಗಡಿ ಅಂಗಡಿ ಸುತ್ತುವುದಂತೂ ಖಂಡಿತ ಬೇಡ. ನೆರವು ಪಡೆಯುವ ಮಗುವಿನ ಕೈಯಲ್ಲೇ ಡಬ್ಬ ಕೊಡುವ ಪದ್ಧತಿ ನೋಡಲು ಕಷ್ಟ.

ವಿಶ್ರಾಂತಿಗೆ ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಯ ಕೇದಾರೇಶ್ವರ ದೇಗುಲ ಒಳ್ಳೆಯ ಜಾಗ. ಅಲ್ಲಿನ ಕೋಡಿಯಮಠವನ್ನು ಕುರಿತ 1162ರ ಶಾಸನ, ವೇದ-ವ್ಯಾಕರಣಗಳ ಬೋಧನೆಯನ್ನೂ ದೀನರಿಗೆ, ಅಂಗವಿಕಲರಿಗೆ ಅನ್ನ ಇಕ್ಕುವುದನ್ನೂ ರೋಗಿಗಳ ಚಿಕಿತ್ಸೆಯನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಇತಿಹಾಸದವರು ಹತ್ತು ನಿಮಿಷ ಮಾತಾಡಲಿ, ಹೆಚ್ಚು ಬೇಡ. ಕಾಲು ತಣ್ಣಗಾದರೆ ಮತ್ತೆ ಏಳುವುದು ಕಷ್ಟ.

ಗುಡವಿಯಲ್ಲಿ ಸಮಾರೋಪ ಸಮಾರಂಭ, ಧ್ವನಿವರ್ಧಕ, ಗಣ್ಯರ ಭಾಷಣ ಎಂದು ಬರೆದದ್ದನ್ನೂ ತೆಗೆಯಬೇಕಾಗುತ್ತದೆ. ಅದು ಪಕ್ಷಿಧಾಮ. ಮುಕ್ಕಾಲು ಚದರ ಕಿಲೋಮೀಟರೂ ಇಲ್ಲದ ಆ ಕೆರೆಯಂಗಳದಲ್ಲಿ ಮಳೆ ಹಿಡಿದ ಮೇಲೆ ಬೆಳ್ಳಕ್ಕಿ, ಕೆಂಬರಲು, ಹಾವಕ್ಕಿ, ನೀರುಕಾಗೆಗಳು ಬಂದು ಗೂಡು ಕಟ್ಟಿ ಮರಿ ಮಾಡುತ್ತವೆ. ಜೂನ್‌ನಿಂದ ಡಿಸೆಂಬರ್‌ವರೆಗೆ ಅವುಗಳ ಕಾಲ. ಜುಲೈ-ಆಗಸ್ಟಿನ ಮಳೆಯಲ್ಲಿ ಆ ರಸ್ತೆಯಲ್ಲಿ ಗುಂಪಾಗಿ ಸೈಕಲ್ ತುಳಿಯುವುದು ಅಪಾಯ, ಜನವರಿಗೆ ಹೋದರೆ ಹಕ್ಕಿ ಕಡಿಮೆ. ನವೆಂಬರ್ ಸರಿಯಾದ ತಿಂಗಳು. ಅರಣ್ಯ ಇಲಾಖೆಯ ಅನುಮತಿಯನ್ನು ಲಿಖಿತವಾಗಿ ಪಡೆದು, ಸೈಕಲ್‌ಗಳನ್ನು ಗೇಟಿನ ಹೊರಗೇ ನಿಲ್ಲಿಸಿ, ವೀಕ್ಷಣಾ ಗೋಪುರಕ್ಕೆ ನಾಲ್ಕು ನಾಲ್ಕು ಜನ ಹೋಗಲಿ. ಸಮಾರೋಪ ಬೇಕೆನ್ನುವವರು ಅದನ್ನು ದುರಸ್ತಿಯಾದ ಸೈಕಲ್‌ಗಳಿರುವ ಶಾಲೆಯ ಅಂಗಳದಲ್ಲಿ ಮಾಡಲಿ, ಜಮಾ-ಖರ್ಚಿನ ಹಾಳೆಯನ್ನು ಗೋಡೆಗೆ ಅಂಟಿಸಲಿ.

ನವೆಂಬರ್ ಎಂದರೆ ತಯಾರಿ ಸೆಪ್ಟೆಂಬರಿನಲ್ಲೇ ಶುರುವಾಗಬೇಕು. ಸಮಿತಿ ರಚನೆಗೆ ಮೊದಲು ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ತನ್ನ ಇಂಟರ್ನ್‌ಶಿಪ್ ಶಾಲೆಯ ಎಂಟು, ಒಂಬತ್ತು, ಹತ್ತನೇ ತರಗತಿಗಳಲ್ಲಿ ಒಂದು ಪಟ್ಟಿ ಮಾಡಿ ತರಲಿ: ಮನೆಯಿಂದ ಶಾಲೆಗೆ ಎಷ್ಟು ದೂರ, ಯಾವುದರಲ್ಲಿ ಬರುತ್ತಾರೆ, ಮನೆಯಲ್ಲಿ ಸೈಕಲ್ ಇದೆಯೇ, ಇದ್ದರೆ ಯಾವುದು ಕೆಟ್ಟಿದೆ. ಆ ಪಟ್ಟಿಯನ್ನು ಹಿಡಿದು ಶಿಕಾರಿಪುರದ ಸೈಕಲ್ ಅಂಗಡಿಯವರ ಬಳಿ ಟ್ಯೂಬ್, ಟೈರ್, ಚೈನ್, ಬ್ರೇಕ್ ರಬ್ಬರಿನ ದರ ಕೇಳಿ ಬಂದರೆ ಎಷ್ಟು ಹಣ ಎತ್ತಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.