ಎಲೆಮರೆಯ ಕಾಯಿ ಎಂಬ ಹೊಗಳಿಕೆ

ಸನ್ಮಾನ ಸಮಾರಂಭಗಳಲ್ಲಿ ಯಾರನ್ನಾದರೂ ‘ಎಲೆಮರೆಯ ಕಾಯಿ’ ಎಂದು ಹೊಗಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಶಾಲು ಹೊದಿಸಿಕೊಂಡಾಕೆ ಹೆಣ್ಣಾಗಿದ್ದರಂತೂ ಇನ್ನೂ ಹೆಚ್ಚು. ಕಾಯಿ ತಾನಾಗಿಯೇ ಎಲೆಯ ಹಿಂದೆ ಹೋಗಿ ಕೂತಿತೆ, ಇಲ್ಲ ಯಾರಾದರೂ ಎಲೆ ಎಳೆದು ಮುಚ್ಚಿದರೆ ಎಂದು ಕೇಳುವವರೇ ಇಲ್ಲ.

ಅಮೆರಿಕದ ಸಿಲ್ವಿಯಾ ಮೋಯ್ ಅವರ ವಿಷಯ ಓದುವಾಗಲೂ ಅದೇ ಕಸಿವಿಸಿ. ಈ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಾರರು. ಸ್ಟೀವಿ ವಂಡರ್ ಎಂಬ ಅಂಧ ಗಾಯಕನ ಹೆಸರನ್ನು ಕೇಳಿರುತ್ತೀರಿ. 1938ರಲ್ಲಿ ಹುಟ್ಟಿದ ಸಿಲ್ವಿಯಾ ಡೆಟ್ರಾಯಿಟ್ ನಗರದ ಕಪ್ಪು ಹೆಣ್ಣುಮಗಳು. ಅದೇ ಊರಿನಲ್ಲಿ ಬೆರಿ ಗೋರ್ಡಿ 1959ರಲ್ಲಿ ಶುರು ಮಾಡಿದ್ದ ಮೋಟೌನ್ ರೆಕಾರ್ಡ್ ಕಂಪನಿಗೆ ಆಕೆ ಬಂದದ್ದು ಹಾಡುವುದಕ್ಕೆಂದು. ಕಂಪನಿಗೆ ಬೇಕಾಗಿದ್ದದ್ದು ಹಾಡು ಬರೆಯುವವರು. ಸರಿ, ಬರೆಯಲು ಕೂತರು.

1963ರಲ್ಲಿ ದೇಶಕ್ಕೇ ಮೊದಲ ಸ್ಥಾನದ ಹಾಡು ಕೊಟ್ಟಿದ್ದ ಬಾಲಕ ಸ್ಟೀವಿಯ ದನಿ ಒಡೆಯಿತು. ಎಂಟನೇ ತರಗತಿಗೆ ಪಾಠ ಮಾಡಿದವರಿಗೆ ಇದು ಗೊತ್ತು. ನಿನ್ನೆಯವರೆಗೆ ಪ್ರಾರ್ಥನೆಗೆ ಮುಂದೆ ನಿಲ್ಲುತ್ತಿದ್ದ ಹುಡುಗನನ್ನು ಇಂದು ಹಿಂದಿನ ಸಾಲಿಗೆ ಕಳಿಸುತ್ತೇವೆ. ಕಂಪನಿಯೂ ಅವನನ್ನು ಕೈಬಿಡುವ ಯೋಚನೆಯಲ್ಲಿತ್ತು. ನಾನು ಹಾಡು ತಂದುಕೊಡುತ್ತೇನೆ, ಇವನನ್ನು ಬಿಡಬೇಡಿ ಎಂದು ಹಟ ಹಿಡಿದವರು ಸಿಲ್ವಿಯಾ. ಹುಡುಗ ಗುನುಗುತ್ತಿದ್ದ ತುಣುಕೊಂದನ್ನು ಹಿಡಿದು, ಬಡಹುಡುಗನನ್ನು ಪ್ರೀತಿಸುವ ಸಿರಿವಂತರ ಮಗಳ ಕತೆಯನ್ನು ಅದಕ್ಕೆ ಹೊಂದಿಸಿದರು. ಅದೇ 1965ರ ‘ಅಪ್‌ಟೈಟ್’. ಧ್ವನಿಮುದ್ರಣದ ದಿನ ಬ್ರೈಲ್ ಲಿಪಿಯಲ್ಲಿ ಸಾಹಿತ್ಯ ಇರಲಿಲ್ಲ. ಆಕೆ ಒಂದೊಂದು ಸಾಲನ್ನೂ ಮುಂಚಿತವಾಗಿ ಹುಡುಗನ ಕಿವಿಯ ಹೆಡ್‌ಫೋನಿಗೆ ಹಾಡುತ್ತ ಹೋದರು, ಅವನು ಹಿಂದೆಯೇ ಹಾಡಿದ. ಅಮೆರಿಕದ ಪಟ್ಟಿಯಲ್ಲಿ ಹಾಡು ಮೂರನೇ ಸ್ಥಾನಕ್ಕೇರಿತು. 1967ರಲ್ಲಿ ‘ಐ ವಾಸ್ ಮೇಡ್ ಟು ಲವ್ ಹರ್’, 1969ರಲ್ಲಿ ‘ಮೈ ಶೆರಿ ಅಮೋರ್’. ಇವುಗಳಲ್ಲೂ ಆಕೆಯ ಪಾಲಿದೆ.

ಈಗ ರೆಕಾರ್ಡಿನ ಲೇಬಲ್ ನೋಡಿ. ‘ಅಪ್‌ಟೈಟ್’ ಬರೆದವರ ಪೈಕಿ ಸಿಲ್ವಿಯಾ ಇದ್ದಾರೆ. ನಿರ್ಮಾಪಕರು ಮಾತ್ರ ಸ್ಟೀವನ್ಸನ್ ಮತ್ತು ಹೆನ್ರಿ ಕಾಸ್ಬಿ, ಇಬ್ಬರೂ ಗಂಡಸರು. ನಮ್ಮಲ್ಲಿ ನಿರ್ಮಾಪಕ ಎಂದರೆ ಸಿನಿಮಾಕ್ಕೆ ದುಡ್ಡು ಹಾಕುವವನು. ರೆಕಾರ್ಡಿನ ನಿರ್ಮಾಪಕ ಹಾಗಲ್ಲ. ಯಾವ ವಾದ್ಯ ಎಲ್ಲಿ ಬರಬೇಕು, ಗಾಯಕ ಹೇಗೆ ಹಾಡಬೇಕು, ಯಾವ ಸಲದ ಮುದ್ರಣ ಉಳಿಯಬೇಕು ಎಂದು ತೀರ್ಮಾನಿಸುವ ಯಜಮಾನಿಕೆ ಅದು. ಮೋಟೌನಿನಲ್ಲಿ ಆ ಕೆಲಸವನ್ನೂ ಮಾಡಿದ ಮೊದಲ ಹೆಂಗಸರಲ್ಲಿ ಈಕೆ ಒಬ್ಬರು. ಕೆಲಸ ಇವರದು, ಆ ಸಾಲಿನ ಹೆಸರು ಬೇರೆಯವರದು.

“ಬರೆದವರೆಂದು ಹೆಸರು ಹಾಕಿದ್ದರಲ್ಲ, ಇನ್ನೇನು ಬೇಕಿತ್ತು?” ಎನ್ನುವವರಿದ್ದಾರೆ. ಹೆಂಗಸು ಕವಿತೆ ಬರೆದರೆ ಯಾರಿಗೂ ತೊಂದರೆಯಿಲ್ಲ ಸ್ವಾಮಿ. ಹತ್ತು ಜನ ವಾದ್ಯಗಾರರಿಗೆ “ಇದು ಸರಿಯಾಗಲಿಲ್ಲ, ಮತ್ತೆ ನುಡಿಸಿ” ಎಂದು ಹೇಳುವ ಹೆಂಗಸು ಕಾಗದದ ಮೇಲೆ ಕಾಣಬಾರದು, ಅಷ್ಟೆ. ಹೆಸರಿನ ಆಸೆ ಒಳ್ಳೆಯದಲ್ಲ ಎಂದು ಉಪದೇಶಿಸುವವರಿಗೂ ಒಂದು ಮಾತು. ಲೇಬಲ್ಲಿನ ಹೆಸರು ಬರೀ ಹೆಮ್ಮೆಗಲ್ಲ. ನಿರ್ಮಾಪಕರ ಪಾಲಿನ ಹಣ ಅದನ್ನು ನೋಡಿ ಬರುತ್ತದೆ, ಮುಂದಿನ ಕೆಲಸವೂ ಅದನ್ನು ನೋಡಿಯೇ ಬರುತ್ತದೆ.

ಇದು ದೂರದ ಕತೆಯೇನಲ್ಲ. ನಾನು ಹಿಂದೆ ಕೆಲಸ ಮಾಡಿದ್ದ ಒಂದು ಶಾಲೆಯಲ್ಲಿ ವಾರ್ಷಿಕೋತ್ಸವದ ರೂಪಕಕ್ಕೆ ಹಾಡು ಬರೆದು, ರಾಗ ಕೂಡಿಸಿ, ತಿಂಗಳುಗಟ್ಟಲೆ ಮಕ್ಕಳಿಗೆ ಕಲಿಸಿದವರು ಇಬ್ಬರು ಶಿಕ್ಷಕಿಯರು. ಆಮಂತ್ರಣ ಪತ್ರಿಕೆಯಲ್ಲಿ ನಿರ್ದೇಶಕರಾಗಿ ಅಚ್ಚಾದವರು ಪರದೆ ಎಳೆಯಲೂ ಬಾರದಿದ್ದ ಮಹನೀಯರೊಬ್ಬರು. ನಮ್ಮ ಶಿಕ್ಷಕಿಯರಿಗೆ ಸಿಕ್ಕದ್ದು “ಸಹಕರಿಸಿದ ಸರ್ವರಿಗೂ” ಎಂಬ ವಂದನಾರ್ಪಣೆ. ಆ ಸರ್ವರಲ್ಲಿ ಶಾಮಿಯಾನದವನೂ ಇದ್ದ.

ಸಿಲ್ವಿಯಾ ಮುಂದೆ ಡೆಟ್ರಾಯಿಟಿನಲ್ಲೇ ತಮ್ಮದೇ ಸ್ಟುಡಿಯೋ ಕಟ್ಟಿ, ಎಳೆಯರಿಗೂ ಕಲಿಸಿದರು. 2006ರಲ್ಲಿ, ಅರವತ್ತು ದಾಟಿದ ಮೇಲೆ, ಗೀತರಚನಕಾರರ ಗೌರವ ಪಟ್ಟಿಗೆ ಅವರ ಹೆಸರು ಸೇರಿತು. 2017ರಲ್ಲಿ ತೀರಿಕೊಂಡರು. ಆ ಗೌರವವೂ ಬಂದದ್ದು ಬರೆದದ್ದಕ್ಕೇ. ಹಳೆಯ ರೆಕಾರ್ಡುಗಳಲ್ಲಿ ನಿರ್ಮಾಪಕರ ಸಾಲು ಅಚ್ಚಾದ ಹಾಗೆಯೇ ಇದೆ.