ಹೊಳೆದಂಡೆಯ ಬಂಡಿದಾರಿಯನ್ನು ಕುರಿತು

ವಿಜಯಪುರ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳ ಸನ್ನಿಧಿಗೆ ದೇವಣಗಾಂವದ ನಿವೃತ್ತ ಶಾಲಾ ಮಾಸ್ತರನೊಬ್ಬನ ಬಹಿರಂಗ ಪತ್ರ

ಮಹನೀಯರೆ,

ತಮ್ಮ ಕಚೇರಿಗೆ ಪ್ರತಿನಿತ್ಯವೂ ಬರುವ ಅಹವಾಲುಗಳಲ್ಲಿ ನೀರು ಬೇಕೆಂಬುವು, ಪರಿಹಾರ ಬೇಕೆಂಬುವು, ಡಾಂಬರು ರಸ್ತೆ ಬೇಕೆಂಬುವು ಬಹುಸಂಖ್ಯೆಯಲ್ಲಿರುವುದು ಸ್ವಾಭಾವಿಕ. ಅವುಗಳ ನಡುವೆ, ಬೆಳಗು ಬೈಗು ನಾಯಿಯೊಡನೆ ತಿರುಗಾಡಲು ಹೋಗುವ ವೃದ್ಧನೊಬ್ಬನು ತಾನು ನಡೆಯುವ ಕಚ್ಚಾ ದಾರಿಯ ವಿಷಯವಾಗಿ ಬರೆದ ಪತ್ರವು ತಮಗೆ ವಿನೋದವಾಗಿ ತೋರಿದರೆ ನಾನು ಅನ್ಯಥಾ ಭಾವಿಸುವವನಲ್ಲ. ನಾನು ಬೇಡುತ್ತಿರುವುದು ಹೊಸದೊಂದನ್ನು ಕಟ್ಟಿಸಿಕೊಡಬೇಕೆಂದಲ್ಲ, ಇರುವುದನ್ನು ಇರುವಂತೆಯೇ ಉಳಿಸಿಕೊಡಬೇಕೆಂದು ಮಾತ್ರ. ಇದಕ್ಕೆ ತಗಲುವ ವೆಚ್ಚವು ಮೋಜಣಿದಾರನೊಬ್ಬನ ಕೆಲವು ದಿನಗಳ ಭತ್ಯವನ್ನು ಮೀರಲಾರದು.

ಸಿಂದಗಿಯ ಕಡೆಯಿಂದ ಅಫಜಲಪುರದತ್ತ ಹೋಗುವವರು ಭೀಮೆಯನ್ನು ದಾಟುವ ಸ್ಥಳ ನಮ್ಮ ಊರು. 2020ರ ಅಕ್ಟೋಬರದಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ಈ ಹೊಳೆಯನ್ನು ಉಕ್ಕಿಸಿ ತೀರದ ಬೆಳೆಯನ್ನು ಮುಳುಗಿಸಿದಾಗ ನಮ್ಮ ಸೀಮೆಯ ಹೆಸರು ವೃತ್ತಪತ್ರಿಕೆಗಳಲ್ಲಿ ಕೆಲವು ದಿನ ಕಾಣಿಸಿಕೊಂಡಿತು. ಪ್ರವಾಹ ಮತ್ತು ಹತ್ಯೆ, ಈ ಎರಡನ್ನು ಬಿಟ್ಟು ಬೇರೆ ಕಾರಣಕ್ಕೆ ಭೀಮಾತೀರವೆಂಬ ಶಬ್ದವನ್ನು ಅವು ಅಚ್ಚುಮಾಡುವುದು ಅಪರೂಪವೆಂಬ ಮಾತು ಬೇರೆ. ಆ ಹೊಳೆಯ ಕಡೆಗೆ ಊರಿನಿಂದ ಇಳಿಯುವ ಒಂದು ಬಂಡಿದಾರಿಯುಂಟು. ಎಡಕ್ಕೆ ಕಬ್ಬು, ಬಲಕ್ಕೆ ಎರಿಹೊಲದ ಜೋಳ, ತೊಗರಿ, ಅಂಚಿನಲ್ಲಿ ಎರಡು ಸಾಲು ಕುಸುಬಿ. ದಾರಿಯ ಎರಡೂ ಮಗ್ಗುಲಿಗೆ ಯಾರೂ ನೆಡದೆ ತಾವಾಗಿ ಬೆಳೆದ ಬೇವು, ಕರಿಜಾಲಿ, ಬನ್ನಿ, ಲೆಕ್ಕಿ, ಎಕ್ಕೆ, ತಂಗಡಿ. ಅರಣ್ಯವೆಂಬುದು ನೂರಕ್ಕೆ ಒಂದು ಪಾಲೂ ಇಲ್ಲದ ಈ ಜಿಲ್ಲೆಯಲ್ಲಿ, ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಈ ಬಯಲಿನಲ್ಲಿ, ಒಂದು ಬಂಡಿ ಹಾಯುವಷ್ಟು ಅಗಲದ ಆ ಪೊದೆಗಳ ಓಣಿಯೇ ನಮ್ಮ ಪಾಲಿನ ವನ.

ನನ್ನ ನಾಯಿ ಮೋತ್ಯಾ ಕುಲೀನನಲ್ಲ. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಅಂಚೆಚೀಟಿಯ ಮೇಲೆ ರಾರಾಜಿಸಿದ್ದು 2005ರಲ್ಲಿ. ಮೋತ್ಯಾನ ತಾಯಿಯಾದರೋ ಊರ ಹಿಟ್ಟಿನ ಗಿರಣಿಯ ಮುಂದೆ ಬಿದ್ದುಕೊಂಡಿದ್ದವಳು. ಆದಾಗ್ಯೂ ನಾಲ್ಕು ದಶಕಗಳ ಕಾಲ ಅದೇ ದಾರಿಯಲ್ಲಿ ನಡೆದೂ ನನ್ನ ಕಣ್ಣಿಗೆ ಬೀಳದಿದ್ದ ಎಷ್ಟೋ ಸಂಗತಿಗಳು ಗೋಚರಿಸಿದ್ದು ಈ ಪ್ರಾಣಿಯ ನಿಧಾನದಿಂದ. ಮನುಷ್ಯನು ಒಬ್ಬನೇ ನಡೆಯುವಾಗ ತಲುಪಬೇಕಾದ ಸ್ಥಳದ ಚಿಂತೆಯಲ್ಲಿರುತ್ತಾನೆ. ನಾಯಿಗೆ ತಲುಪಬೇಕಾದ ಸ್ಥಳವೆಂಬುದೇ ಇಲ್ಲ. ಅದು ಕರಕಿಯ ಒಂದು ಹೊದರಿನ ಬಳಿ ಮೂಗಿಟ್ಟು ನಿಂತಿತೆಂದರೆ ಅಲ್ಲಿ ರಾತ್ರಿ ಮುಂಗುಸಿಯೋ ಮೊಲವೋ ಹಾದುಹೋದ ವೃತ್ತಾಂತವನ್ನು ಪೂರ್ತಿ ಗ್ರಹಿಸುವತನಕ ಕದಲುವುದಿಲ್ಲ. ಹಗ್ಗ ಹಿಡಿದವನು ನಿಲ್ಲಲೇಬೇಕು, ನಿಂತವನು ಏನನ್ನಾದರೂ ನೋಡಲೇಬೇಕು.

ಹೀಗೆ ನಿಂತು ನೋಡಿದ್ದರಿಂದಲೇ, ಮೃಗಶಿರಾ ಮಳೆ ಬಿದ್ದ ಮರುದಿನ ಹಸಿ ನೆಲದ ಮೇಲೆ ಮಖಮಲ್ಲಿನ ಕೆಂಪು ಹೊದ್ದು ತೆವಳುವ ಮಿರಗದ ಹುಳುಗಳು ಕೆಲವೇ ದಿವಸ ಕಾಣಿಸಿಕೊಂಡು ಮತ್ತೆ ಮಣ್ಣು ಸೇರುವುದನ್ನು ಬಲ್ಲೆ. ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗನು ಅರ್ಧಕ್ಕೆ ಹೆಣೆದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸಿ, ಮನಸ್ಸಿಗೆ ಬಾರದಿದ್ದರೆ ಹಾರಿಹೋಗುವುದನ್ನೂ, ಆ ಬಡಪಾಯಿ ಮತ್ತೊಂದು ಗೂಡಿಗೆ ತೊಡಗುವುದನ್ನೂ ಬಲ್ಲೆ. ಹಿಂಗಾರಿ ಜೋಳ ಹಾಲುತುಂಬುವ ಕಾಲಕ್ಕೆ ಗುಲಾಬಿ ಮೈಯ, ಕರಿದಲೆಯ ಗೊರವಂಕಗಳು ಮೋಡ ಕಟ್ಟಿದಂತೆ ಬಂದಿಳಿಯುತ್ತವೆ. ಅಟ್ಟದ ಮೇಲೆ ನಿಂತು ಕವಣಿ ಬೀಸುವ ಹುಡುಗರಿಗೆ ಅವು ಕಳ್ಳರು. ಮಧ್ಯ ಏಷ್ಯದ ಹುಲ್ಲುಗಾವಲುಗಳಲ್ಲಿ ಮಿಡತೆಗಳನ್ನು ತಿಂದು ಮರಿಮಾಡುವ ಈ ಪಕ್ಷಿಗಳು ಅಷ್ಟು ದೂರದಿಂದ ದೇವಣಗಾಂವದ ತೆನೆಯನ್ನರಸಿ ಬರುತ್ತವೆಂದು ಹೇಳಿದಾಗ, ಹುಡುಗನೊಬ್ಬನು ಕವಣಿಯನ್ನು ಕೆಳಗಿಳಿಸಿ, “ಅಲ್ರಿ ಸರ, ಅಲ್ಲಿ ಜ್ವಾಳ ಬೆಳ್ಯಾಂಗಿಲ್ಲೇನ್ರಿ?” ಎಂದು ಕೇಳಿದನು, ತರುವಾಯ ಮೊದಲಿನಂತೆಯೇ ಬೀಸಿದನು. ಅವನ ಹೊಟ್ಟೆಯ ಪ್ರಶ್ನೆಯ ಮುಂದೆ ನನ್ನ ಪಕ್ಷಿಪ್ರೇಮಕ್ಕೆ ಏನು ಬೆಲೆ?

ಇನ್ನು ಟಿಟ್ಟಿಭ. ಪಂಚತಂತ್ರದಲ್ಲಿ ಸಮುದ್ರದೊಡನೆಯೇ ಕಲಹ ಹೂಡಿದ ಈ ಪಕ್ಷಿಯು ಚೈತ್ರದಿಂದಾಚೆ ಬರಿಯ ನೆಲದ ಮೇಲೆ, ನಾಲ್ಕು ಹರಳುಗಳ ನಡುವೆ ಹರಳಿನ ಬಣ್ಣದವೇ ಆದ ಮೊಟ್ಟೆಗಳನ್ನಿಡುತ್ತದೆ. ಆ ಕಾಲದಲ್ಲಿ ನಾಯಿಯನ್ನು ಬಿಡುವುದು ಅಧರ್ಮವೆಂದು ಭಾವಿಸಿ ನಾನು ಹಗ್ಗವನ್ನು ಗಿಡ್ಡಗೊಳಿಸುತ್ತೇನೆ.

ನಿಸರ್ಗವೆಂದೊಡನೆ ಕನ್ನಡಿಗನ ಮನಸ್ಸು ಪಶ್ಚಿಮಘಟ್ಟವನ್ನೇರುವುದಕ್ಕೆ ನಮ್ಮ ಸಾಹಿತ್ಯವೂ ಒಂದಿಷ್ಟು ಕಾರಣ. ನಾಯಿಯೊಡನೆ ಕಾಡುದಾರಿಯಲ್ಲಿ ನಡೆಯುವ ಸುಖವನ್ನು ನಮಗೆ ಉಣಿಸಿದವರು ಗುತ್ತಿಯ ಹುಲಿಯನನ್ನು ಸೃಷ್ಟಿಸಿದ ಕುವೆಂಪು ಅವರೂ ಮೂಡಿಗೆರೆಯ ಪರಿಸರದ ಕಥೆಗಳಲ್ಲಿ ‘ಕಿವಿ’ಯನ್ನು ಅಮರಗೊಳಿಸಿದ ತೇಜಸ್ವಿಯವರೂ, ಇಬ್ಬರೂ ಮಲೆನಾಡಿನವರು. ಅವರನ್ನು ಓದಿ ಆನಂದಿಸಿದ ನಮ್ಮ ತರುಣರು ನಿಸರ್ಗವನ್ನು ನೋಡಲು ರಜೆ ಹಾಕಿ ಬಸ್ಸು ಹತ್ತುತ್ತಾರೆ, ಮನೆಯ ಹಿಂದಿನ ತಂತಿಯ ಮೇಲೆ ನಾಡಪಕ್ಷಿಯಾದ ನೀಲಕಂಠವು ಕುಳಿತಿರುವಾಗಲೇ. ಆದರೆ ನಾಯಿಗೆ ಗೌರವವಿತ್ತ ವಿಷಯದಲ್ಲಿ ನಮ್ಮ ಹೊಳೆಯು ಯಾವ ಮಲೆನಾಡಿಗೂ ಕಡಿಮೆಯಲ್ಲವೆಂದು ಹೇಳಬಲ್ಲೆ. ಇದೇ ನದಿಯು ಮೇಲೆ ಪಂಢರಪುರದಲ್ಲಿ ಚಂದ್ರಭಾಗೆಯಾಗಿ ಹರಿಯುತ್ತದೆ. ರೊಟ್ಟಿ ಕಚ್ಚಿಕೊಂಡು ಓಡಿದ ನಾಯಿಯ ಹಿಂದೆ, ಒಣರೊಟ್ಟಿ ತಿನ್ನಬೇಡವೆಂದು ತುಪ್ಪದ ಬಟ್ಟಲು ಹಿಡಿದು ಓಡಿದನೆಂದು ಕಥೆಯಿರುವ ನಾಮದೇವನು ಅಲ್ಲಿಯವನು. ಕೆಳಗೆ ಅಮರಜೆ ಬಂದು ಸೇರುವ ಗಾಣಗಾಪುರದಲ್ಲಿ ದತ್ತಾತ್ರೇಯನ ಸನ್ನಿಧಿ. ಅವನ ಕಾಲಬಳಿಯ ನಾಲ್ಕು ನಾಯಿಗಳನ್ನು ಭಕ್ತರು ನಾಲ್ಕು ವೇದಗಳೆಂದು ನಂಬುತ್ತಾರೆ. ಈ ಎರಡು ಕ್ಷೇತ್ರಗಳ ನಡುವಿನ ದಂಡೆಯಲ್ಲಿ ಒಂದು ನಾಯಿ ನಿಶ್ಚಿಂತೆಯಿಂದ ನಡೆಯಲು ದಾರಿಯಿರಬೇಕೆಂಬ ಬೇಡಿಕೆ ಅತಿಯಾಯಿತೆ?

ಆ ದಾರಿಯು ಈಗ ಸವೆಯುತ್ತಿದೆ. ಪ್ರತಿ ಉಳುಮೆಗೂ ನೇಗಿಲು ಒಂದು ಗೇಣು ಒಳಕ್ಕೆ ಸರಿಯುತ್ತದೆ. ಹತ್ತು ವರ್ಷದಲ್ಲಿ ಬಂಡಿದಾರಿಯು ಕಾಲುದಾರಿಯಾಗಿ, ಕಾಲುದಾರಿಯು ಕೇವಲ ವೃದ್ಧರ ನೆನಪಾಗುತ್ತದೆ. ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಒತ್ತಿದವರೂ ನನ್ನ ಶಿಷ್ಯರೇ. ಆದರೆ 1966ರ ಕರ್ನಾಟಕ ಭೂಕಂದಾಯ ನಿಯಮಗಳು ಖರಾಬು ಜಮೀನನ್ನು ಎರಡು ಬಗೆಯಾಗಿ ವಿಂಗಡಿಸಿ, ರಸ್ತೆ, ರೂಢಿಯ ಕಾಲುದಾರಿ, ಸಾರ್ವಜನಿಕರು ಬಳಸುವ ಹಳ್ಳ, ಸ್ಮಶಾನ ಮುಂತಾದುವನ್ನು ‘ಬ’ ಖರಾಬಿನಲ್ಲಿ ಇರಿಸಿರುವುದನ್ನು ತಮಗೆ ನಾನು ತಿಳಿಸಬೇಕಾಗಿಲ್ಲ. ಉತಾರದಲ್ಲಿ ಅದು ಯಾರ ಹೆಸರಿನ ಕೆಳಗಿದ್ದರೂ ಹಕ್ಕು ಸರ್ವರದು. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಸಜ್ಜೆರೊಟ್ಟಿಯ ಬುತ್ತಿ ಹೊತ್ತು ಊರಿಗೆ ಊರೇ ನಡೆಯುವುದು ಇಂಥ ದಾರಿಗಳಲ್ಲಿಯೇ ಅಲ್ಲವೆ?

ಇಲ್ಲಿ ನನ್ನದೊಂದು ಭಯವನ್ನು ಮುಚ್ಚಿಡದೆ ಹೇಳಬೇಕು. ಒತ್ತುವರಿಯನ್ನು ತೆರವುಗೊಳಿಸುವ ಆಜ್ಞೆ ಹೊರಟರೆ ಅದರ ಹಿಂದೆಯೇ ಜೆಸಿಬಿ ಬರುತ್ತದೆ. ಒಂದು ಮುಂಜಾವಿನಲ್ಲಿ ಎರಡೂ ಬದಿಯ ಬೇವು, ಬನ್ನಿ, ಬಳ್ಳಿಗಳನ್ನು ಬೇರುಸಹಿತ ಎತ್ತಿ, ಮುರುಮು ಹರಡಿ, ದಾರಿಯನ್ನು ಉದ್ಧರಿಸಿದೆವೆಂದು ಹೊರಟುಹೋಗುತ್ತದೆ. ಒತ್ತುವರಿಯಿಂದ ದಾರಿ ಹೋಗುವುದು, ಉದ್ಧಾರದಿಂದ ದಾರಿಯಲ್ಲಿದ್ದದ್ದೆಲ್ಲ ಹೋಗುವುದು! ಈ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನವು ನಡೆದು ಸಸಿ ನೆಡುವ ಉತ್ಸಾಹ ಹರಡಿದ್ದು ಶ್ಲಾಘ್ಯ. ಆ ಲೆಕ್ಕದಲ್ಲಿ, ನೆಡದೆ ನೀರೆರೆಯದೆ ತಾನಾಗಿ ಬದುಕಿದ ಗಿಡಕ್ಕೂ ಒಂದು ಅಂಕಿ ಸಲ್ಲಬೇಡವೆ? ಬಳ್ಳಾರಿ ಜಾಲಿಯನ್ನು ಕಡಿಸಿದರೆ ನಾನು ಕಣ್ಣೀರಿಡುವವನಲ್ಲ, ಅದು ಉಳಿದೆಲ್ಲವನ್ನೂ ನುಂಗುತ್ತದೆ. ಮಿಕ್ಕವುಗಳನ್ನು ಮುಟ್ಟದಿರುವಂತೆ ಆಜ್ಞೆಯಲ್ಲಿ ಒಂದು ವಾಕ್ಯ ಸೇರಲಿ. ಬೆಂಚು, ಬಣ್ಣದ ಕಲ್ಲುಹಾಸು, ಕಮಾನು, ಉದ್ಘಾಟನೆಯ ಫಲಕ ಇವಾವುವೂ ನಮಗೆ ಬೇಡ.

ನಾಯಿಗಳಿಗೆ ಅಂಜುವವರು ಊರಲ್ಲಿದ್ದಾರೆ, ಅವರ ಅಂಜಿಕೆ ನಿರಾಧಾರವೂ ಅಲ್ಲ. ಹುಚ್ಚುನಾಯಿಯ ರೋಗವು ತಲೆದೋರಿದ ಮೇಲೆ ಅದಕ್ಕೆ ಮದ್ದಿಲ್ಲ, ತಡೆಯುವ ಲಸಿಕೆಯುಂಟು. ಪಶುವೈದ್ಯಕೀಯ ಇಲಾಖೆಯವರು ವರ್ಷಕ್ಕೊಮ್ಮೆ ಊರಿಗೇ ಬಂದು ಸಾಕಿದವಕ್ಕೂ ಬೀದಿಯವಕ್ಕೂ ಚುಚ್ಚುವಂತೆ ಮಾಡಿದರೆ ನನ್ನಂಥವರಿಗೂ ಅವರಿಗೂ ಸಮಾನವಾದ ಉಪಕಾರವಾದೀತು.

ಮೋಜಣಿಗೆ ಪ್ರಶಸ್ತವಾದ ಸಮಯವನ್ನು ಅರಿಕೆ ಮಾಡಿ ಮುಗಿಸುತ್ತೇನೆ. ಮಳೆಗಾಲದಲ್ಲಿ ಎರಿಮಣ್ಣು ಸರಪಳಿಯನ್ನೂ ಸರಪಳಿ ಹಿಡಿದವನನ್ನೂ ಕಚ್ಚಿಕೊಳ್ಳುತ್ತದೆ. ಮಾಘದಲ್ಲಿ ಜೋಳ ಕಿತ್ತ ಮೇಲೆ, ಟಿಟ್ಟಿಭವು ಮೊಟ್ಟೆಯಿಡುವುದಕ್ಕೆ ಮೊದಲು, ಬಾಂದುಗಲ್ಲುಗಳು ಬರಿಗಣ್ಣಿಗೇ ಕಾಣುತ್ತವೆ. ಹಳೆಯ ಗುರುತುಗಳನ್ನು ತೋರಿಸಬಲ್ಲ ಮುದುಕರು ಇನ್ನೂ ಇದ್ದಾರೆ, ಬಹುಕಾಲ ಇರಲಾರರು. ತಾವೇ ದಯಮಾಡಿಸುವುದಾದರೆ ಸೂರ್ಯೋದಯಕ್ಕೆ ಮೊದಲೇ ಬರಬೇಕು; ದಾರಿಯ ತುಂಬ ನೆಗ್ಗಿಲು ಮುಳ್ಳಿರುವುದರಿಂದ ದಪ್ಪ ಅಟ್ಟೆಯ ಕೆರವಿರಲಿ. ಮೋತ್ಯಾ ಅಪರಿಚಿತರನ್ನು ಕಂಡರೆ ಬೊಗಳುತ್ತಾನೆ, ಅಧಿಕಾರಿಗಳನ್ನು ಕಂಡರೂ ಬೊಗಳುತ್ತಾನೆ, ಕಚ್ಚಿದ ದಾಖಲೆಯಿಲ್ಲ.

ತಮ್ಮ ವಿಶ್ವಾಸಿ,
ದೇವಣಗಾಂವದ ಒಬ್ಬ ನಿವಾಸಿ