ಹಳತಿನ ವೇಷ, ಹೊಸತರ ಆಯಸ್ಸು

2023ರ ಸೆಪ್ಟೆಂಬರ್ 15ರಂದು ಮುಂಬೈಯ ಕೊನೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸು ಅಂಧೇರಿಯಲ್ಲಿ ಕಡೆಯ ಸುತ್ತು ಹಾಕಿತು. ಈ ನಗರದಲ್ಲಿ ಎರಡಂತಸ್ತಿನ ಬಸ್ಸು ಮೊದಲು ಓಡಿದ್ದು 1937ರಲ್ಲಿ. ಆರು ವಾರ ಕಳೆದು, ಅಕ್ಟೋಬರ್ 30ಕ್ಕೆ, ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯ ಕಾಲವೂ ಮುಗಿಯಿತು. ಆ ಕಾಳಿ-ಪೀಲಿ ಗಾಡಿಗಳಲ್ಲಿ ಕಡೆಯದು ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತೇ ವರ್ಷದ ಆಯಸ್ಸು ಎಂದು ಇಲ್ಲಿನ ನಿಯಮ. ಈ ಎರಡು ವಿದಾಯಗಳ ನಡುವೆ, ಸೆಪ್ಟೆಂಬರ್ 20ರಂದು, ನಿಕಾನ್ ಕಂಪನಿ ಜೆಡ್‌ಎಫ್ ಎಂಬ ಹೊಸ ಡಿಜಿಟಲ್ ಕ್ಯಾಮೆರಾ ಪ್ರಕಟಿಸಿತು. ಅದರ ಮೈಕಟ್ಟು, ಗುಂಡಿಗಳು, ಹೆಸರಿನ ಅಕ್ಷರ ಎಲ್ಲವೂ 1982ರ ಎಫ್‌ಎಂ2 ಎಂಬ ರೀಲು ಕ್ಯಾಮೆರಾವನ್ನು ನೆನಪಿಸುವಂತೆ ಮಾಡಿದವು. ಬೆಲೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ.

ನಿಜಕ್ಕೂ ಹಳೆಯದಾದದ್ದು ಗುಜರಿಗೆ, ಹಳೆಯದರಂತೆ ಕಾಣುವುದು ಷೋಕೇಸಿಗೆ. ಇದನ್ನು ಬರೀ ಫ್ಯಾಷನ್ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮಗೆ ಹಳತಿನ ವೇಷ ಬೇಕು. ಹಳತನ್ನು ಇಟ್ಟುಕೊಳ್ಳುವ, ರಿಪೇರಿ ಮಾಡಿಸುವ, ಅದರ ಜೊತೆಗೆ ತಾವೂ ಹಳಬರಾಗುವ ತಾಳ್ಮೆ ಬೇಡ. ಇಂಥ ಕ್ಯಾಮೆರಾಗಳು ಮಾರುತ್ತಿರುವುದು ಆ ತಾಳ್ಮೆಯ ಚಿತ್ರವನ್ನೇ.

ಮೊದಲು ಎದುರಾಳಿಯ ಮಾತನ್ನು ನ್ಯಾಯವಾಗಿ ಕೇಳೋಣ. ಈ ಗೀಳು ಶುರುವಾದದ್ದು 2009ರ ಒಲಿಂಪಸ್ ಪೆನ್ ಡಿಜಿಟಲ್‌ನಿಂದ ಎನ್ನಬಹುದು. 2011ರಲ್ಲಿ ಫ್ಯೂಜಿಫಿಲ್ಮ್‌ನ ಎಕ್ಸ್100 ಅಂಗಡಿಗೆ ಬಂದ ಮೇಲೆ ಅದಕ್ಕೆ ಕಾಲು ಬಂತು. ಇಂಥ ಕ್ಯಾಮೆರಾ ಕೊಂಡವರು ಹೇಳುವುದು ಸುಳ್ಳಲ್ಲ. ಫೋನು ನಮ್ಮ ಪರವಾಗಿ ಎಲ್ಲ ತೀರ್ಮಾನ ತೆಗೆದುಕೊಳ್ಳುತ್ತದೆ. ಕತ್ತಲನ್ನು ಬೆಳಕು ಮಾಡುತ್ತದೆ, ಮುಖದ ಸುಕ್ಕು ಅಳಿಸುತ್ತದೆ, ಕೇಳದೆಯೇ ಆಕಾಶಕ್ಕೆ ನೀಲಿ ಬಳಿಯುತ್ತದೆ. ಷಟರಿನ ವೇಗವನ್ನು ಬೆರಳಲ್ಲಿ ತಿರುಗಿಸುವಾಗ ಚಿತ್ರ ನನ್ನದು ಅನಿಸುತ್ತದೆ. ಆಸೆ ಸರಿಯಾದದ್ದೇ. ಆದರೆ ಆ ಆಸೆಗೆ ಸಿಗುತ್ತಿರುವ ಉತ್ತರದ ಬಗ್ಗೆ ನನ್ನ ತಕರಾರು ಮೂರು.

ಮೊದಲನೆಯದು ಶಿಸ್ತಿನ ನಾಟಕ. 2025ರಲ್ಲಿ ಫ್ಯೂಜಿ ಎಕ್ಸ್ ಹಾಫ್ ಎಂಬ ಪುಟ್ಟ ಕ್ಯಾಮೆರಾ ಬಂತು. ಅದರಲ್ಲಿ ಫಿಲ್ಮ್ ಕ್ಯಾಮೆರಾ ಎಂಬ ಒಂದು ವಿಧಾನವಿದೆ. 36, 54 ಅಥವಾ 72 ಚಿತ್ರ ತೆಗೆದು ಮುಗಿಸುವ ತನಕ ಒಂದನ್ನೂ ನೋಡುವಂತಿಲ್ಲ. ಪ್ರತಿ ಚಿತ್ರದ ನಂತರ ರೀಲು ಮುಂದೆ ಸರಿಸುವಂತೆ ಲಿವರ್ ಎಳೆಯಬೇಕು. ಸರಿಯಲು ಒಳಗೆ ರೀಲೇ ಇಲ್ಲ. ಕಡೆಗೆ ರೀಲನ್ನು ತೊಳೆಯುವುದು ಫೋನಿನ ಆ್ಯಪು. ಹಿಂದೆ ಅಗ್ಫಾ ಕ್ಲಿಕ್ 3ರಲ್ಲಿ ಒಂದು ರೀಲಿಗೆ ಹನ್ನೆರಡೇ ಚಿತ್ರ. ಹದಿಮೂರನೆಯದಕ್ಕೆ ಮತ್ತೆ ದುಡ್ಡು ಹೊಂದಿಸಬೇಕಿತ್ತು, ಆದ್ದರಿಂದ ಜನ ಎಣಿಸಿ ತೆಗೆಯುತ್ತಿದ್ದರು. ಊಟಕ್ಕಿಲ್ಲದೆ ಇರುವುದಕ್ಕೂ ಏಕಾದಶಿ ಮಾಡುವುದಕ್ಕೂ ವ್ಯತ್ಯಾಸವಿದೆ. ಏಕಾದಶಿಗೆಂದೇ ವಿಶೇಷ ತಟ್ಟೆ ಕೊಳ್ಳುವುದು ಮೂರನೆಯ ಬಗೆ. ಸಂಯಮ ಬೇಕಿದ್ದವರು ಇರುವ ಕ್ಯಾಮೆರಾದ ಪರದೆ ಮುಚ್ಚಿಕೊಂಡರೆ ಸಾಕು, ಖರ್ಚಿಲ್ಲ.

ಹಿಂದಿನ ದೊಡ್ಡವರು ಯಾರೂ ಹಳೆಯ ಯಂತ್ರದ ಮೋಹದಿಂದ ದೊಡ್ಡವರಾದವರಲ್ಲ. ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಓದಿದ ಹೋಮಾಯಿ ವ್ಯಾರಾವಾಲಾ ಕೈಯಲ್ಲಿದ್ದ ಸ್ಪೀಡ್ ಗ್ರಾಫಿಕ್, ರೋಲಿಫ್ಲೆಕ್ಸ್‌ಗಳು ಆ ಹೊತ್ತಿನ ಪತ್ರಿಕಾ ಛಾಯಾಗ್ರಾಹಕರ ಕಸುಬಿನ ಸಲಕರಣೆಗಳು, ಅಲಂಕಾರವಲ್ಲ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರನ್ನೇ ನೋಡಿ. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಬೊಂಬಾಯಿಗೆ ಬಂದವರು. 1959ರ ‘ಕಾಗಜ್ ಕೇ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅಂದರೆ ಮೂರ್ತಿಯವರು ಕೈ ಹಾಕಿದ್ದು ಆ ದಿನಗಳ ಅತಿ ಹೊಸ ತಂತ್ರಕ್ಕೆ. ಗೀತಾ ದತ್ತ್ ಹಾಡಿರುವ ಹಾಡಿನಲ್ಲಿ ಖಾಲಿ ಸ್ಟುಡಿಯೋದೊಳಗೆ ಇಳಿಯುವ ಆ ಬೆಳಕಿನ ಕೋಲು ಯಾವ ಗುಂಡಿ ಒತ್ತಿದರೂ ಬರುವಂಥದಲ್ಲ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಅದನ್ನು ಹಿಡಿದರು. ಮೂರ್ತಿಯವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಕ್ಯಾಮೆರಾಕ್ಕೆ ಬರಲಿಲ್ಲ.

ಎರಡನೆಯ ತಕರಾರು ಬಣ್ಣದ್ದು. ಇದು ನನಗೆ ಹೆಚ್ಚು ಮುಖ್ಯ. ಫ್ಯೂಜಿ ಕ್ಯಾಮೆರಾಗಳ ದೊಡ್ಡ ಆಕರ್ಷಣೆ ಹಳೆಯ ಫಿಲ್ಮುಗಳ ಬಣ್ಣವನ್ನು ಅನುಕರಿಸುವ ಆಯ್ಕೆಗಳು: ವೆಲ್ವಿಯಾ, ಪ್ರೋವಿಯಾ, ಆಸ್ಟಿಯಾ ಇತ್ಯಾದಿ. 2021ರ ಜನವರಿಯಲ್ಲಿ ಆ ಕಂಪನಿ ಮದುವೆ ಛಾಯಾಗ್ರಾಹಕರ ಪ್ರೀತಿಯ ಪ್ರೋ 400ಎಚ್ ಫಿಲ್ಮನ್ನು ನಿಲ್ಲಿಸುವುದಾಗಿ ಸಾರಿತು. ಅದೇ ತಿಂಗಳು ಹೊಸ ಡಿಜಿಟಲ್ ಕ್ಯಾಮೆರಾ ಒಂದರಲ್ಲಿ ‘ನಾಸ್ಟಾಲ್ಜಿಕ್ ನೆಗ್’ ಎಂಬ ಹೊಸ ಬಣ್ಣ ಸೇರಿಸಿತು. ಒಂದು ಕೈಯಲ್ಲಿ ಮಣ್ಣು ಹಾಕಿ ಇನ್ನೊಂದು ಕೈಯಲ್ಲಿ ತಿಥಿಯೂಟ ಬಡಿಸಿದ ಹಾಗೆ. ಆ ಬಣ್ಣದ ಮೂಲವಾದರೂ ಎಲ್ಲಿಯದು? 1970ರ ದಶಕದ ಅಮೆರಿಕದ ಹೊಸ ವರ್ಣ ಛಾಯಾಗ್ರಹಣದ್ದು. ಪರೇಲಿನ ಚಾಳಿನ ಮೆಟ್ಟಿಲನ್ನು, ಸಸೂನ್ ಡಾಕ್‌ನ ಮೀನಿನ ಬುಟ್ಟಿಯನ್ನು ನಾವು ಅಮೆರಿಕದವರ ನೆನಪಿನ ಬಣ್ಣದಲ್ಲಿ ಅದ್ದಿ ‘ಆಹಾ, ಹಳೇ ಬಾಂಬೆ’ ಎನ್ನುತ್ತಿದ್ದೇವೆ.

ಅದೇ ದಶಕದಲ್ಲಿ ರಘುಬೀರ್ ಸಿಂಗ್ ಭಾರತದ ಬೀದಿಗಳನ್ನು ಬಣ್ಣದಲ್ಲಿ ತೆಗೆಯುತ್ತಿದ್ದರು. ಗಂಭೀರ ಛಾಯಾಗ್ರಹಣ ಎಂದರೆ ಕಪ್ಪು-ಬಿಳುಪು ಎಂದು ನಂಬಿದ್ದ ಕಾಲ. ಬಣ್ಣ ಆಗ ಹಟಮಾರಿಯ ಆಯ್ಕೆ. 1994ರ ಅವರ ಬೊಂಬಾಯಿ ಪುಸ್ತಕದಲ್ಲಿ ಕಾಣುವುದು ಆ ಹೊತ್ತಿನ, ಕಿಕ್ಕಿರಿದ, ಬದುಕಿರುವ ನಗರ. ಅವರ ಬಣ್ಣ ಇಂದು ನಮಗೆ ಹಳತಾಗಿ ಕಂಡರೆ ಅದು ಕಾಲದ ಕೆಲಸ. ತೆಗೆದ ದಿನವೇ ಅದನ್ನು ಹಳೆಯದು ಮಾಡುವ ಆತುರ ಅವರಿಗಿರಲಿಲ್ಲ.

ಈ ಆತುರಕ್ಕೆ ತೆರುವ ಬೆಲೆ ಇದೆ. ಚಾಳಿನಲ್ಲಿ ಇವತ್ತೂ ಜನ ಇದ್ದಾರೆ. ಬೆಳಗ್ಗೆ ನೀರಿಗೆ ಕಾಯುತ್ತಾರೆ, ಸಾಲಿಗೊಂದೇ ಇರುವ ಕಕ್ಕಸಿನ ಮುಂದೆ ನಿಲ್ಲುತ್ತಾರೆ, ಪುನರಾಭಿವೃದ್ಧಿಯ ಕಾಗದಕ್ಕೆ ಸಹಿ ಹಾಕಬೇಕೋ ಬೇಡವೋ ಎಂದು ರಾತ್ರಿಯೆಲ್ಲ ಮಾತಾಡುತ್ತಾರೆ. ಅವರ ಬಾಲ್ಕನಿಯನ್ನು ಕಂದು ಬಣ್ಣದಲ್ಲಿ ತೋಯಿಸಿದ ಕೂಡಲೇ ಅವರು ಇದ್ದವರಾಗದೆ ಇದ್ದುಹೋದವರಾಗುತ್ತಾರೆ. ನೋಡುವವನಿಗೆ ಮರುಕ ಸಿಗುತ್ತದೆ, ಹೊಣೆ ತಪ್ಪುತ್ತದೆ. ಕೆಡವುವವರಿಗೂ ಇದು ಅನುಕೂಲ: ಹೇಗೂ ಹಳೆಯ ಕಾಲದ್ದು ತಾನೆ!

ಇಷ್ಟಕ್ಕೂ ಇದು ಯಾರ ನೆನಪು? ಉಡುಪಿ, ಕುಂದಾಪುರದ ಕಡೆಯಿಂದ ಬಂದು ಮಾಟುಂಗಾ, ಫೋರ್ಟ್‌ನ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿರಿಯರ ಕೈಯಲ್ಲಿ ಎಫ್‌ಎಂ2 ಇರಲಿಲ್ಲ. ಅವರ ಫೋಟೋ ಎಂದರೆ ಸ್ಟುಡಿಯೋದಲ್ಲಿ, ಬಣ್ಣದ ಪರದೆಯ ಮುಂದೆ, ಕೂದಲಿಗೆ ನೀರು ಹಚ್ಚಿ ಬಾಚಿ ನಿಂತು ತೆಗೆಸಿದ್ದು. ಒಂದು ಪ್ರತಿ ಊರಿಗೆ ಅಂಚೆಯಲ್ಲಿ ಹೋಗುತ್ತಿತ್ತು. ಮುಂದೆ ಎಂಬತ್ತರ ದಶಕದಲ್ಲಿ ಕೆಲವರ ಮನೆಗೆ ಹಾಟ್ ಶಾಟ್ ಎಂಬ ಪ್ಲಾಸ್ಟಿಕ್ ಡಬ್ಬಿ ಬಂತು. ಅದರ ರೂಪದಲ್ಲಿ ಯಾರೂ ಒಂದೂವರೆ ಲಕ್ಷದ ಕ್ಯಾಮೆರಾ ಮಾಡುವುದಿಲ್ಲ. ಹಿಂದೆ ಉಳ್ಳವರ ಕುತ್ತಿಗೆಯಲ್ಲಿ ತೂಗುತ್ತಿದ್ದದ್ದನ್ನು ಈಗ ಎಲ್ಲರ ಬಾಲ್ಯವೆಂಬಂತೆ ಮಾರುತ್ತಿದ್ದಾರೆ.

ಮೂರನೆಯ ತಕರಾರು ಆಯಸ್ಸಿನದು. ಎಫ್‌ಎಂ2ರ ಷಟರ್ ಪೂರ್ತಿ ಯಾಂತ್ರಿಕ. ಅದರ ಬ್ಯಾಟರಿ ಬೆಳಕನ್ನು ಅಳೆಯುವುದಕ್ಕೆ ಮಾತ್ರ. ಬ್ಯಾಟರಿ ಸತ್ತರೂ ಕ್ಯಾಮೆರಾ ಕೆಲಸ ಮಾಡುತ್ತದೆ. ನಲವತ್ತು ವರ್ಷ ದಾಟಿದ ಮೇಲೂ ಬಲ್ಲವರು ಬಿಚ್ಚಿ, ಒರೆಸಿ, ಎಣ್ಣೆ ಹಾಕಿದರೆ ಮತ್ತೆ ಎದ್ದು ನಿಲ್ಲುತ್ತದೆ. ಅದರ ವೇಷ ತೊಟ್ಟಿರುವ ಜೆಡ್‌ಎಫ್ ಬ್ಯಾಟರಿ ಇಲ್ಲದೆ ಒಂದು ಚಿತ್ರವನ್ನೂ ತೆಗೆಯದು. ಸೆನ್ಸರ್ ಕೆಟ್ಟರೆ, ಒಳಗಿನ ಬೋರ್ಡು ಸುಟ್ಟರೆ, ಕಂಪನಿ ಬಿಡಿಭಾಗ ನಿಲ್ಲಿಸಿದರೆ ಅದು ಒಂದು ಚಂದದ ಕಾಗದದ ಭಾರ. ಹಳೆಯದರಂತೆ ಕಾಣುವ ಈ ವಸ್ತುವಿಗೆ ಹಳೆಯದಾಗುವ ಯೋಗವೇ ಇಲ್ಲ. ಮೊಮ್ಮಗಳ ಕೈಗೆ ದಾಟಿಸಬಹುದು ಎಂಬ ಭಾವನೆಯನ್ನು ಮಾರಿ, ದಾಟಿಸಲಾಗದ ವಸ್ತುವನ್ನು ಕೊಡುವುದಕ್ಕೆ ಕನ್ನಡದಲ್ಲಿ ಟೋಪಿ ಹಾಕುವುದು ಎನ್ನುತ್ತಾರೆ.

ಎಲ್ಲ ಡಿಜಿಟಲ್ ಕ್ಯಾಮೆರಾಗಳ ಹಣೆಬರಹವೂ ಇದೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಉಳಿದವು ತಾವು ಚಿರಂಜೀವಿಗಳು ಎಂಬ ವೇಷ ಹಾಕುವುದಿಲ್ಲ.

ಹಾಗಾದರೆ ಕೊಳ್ಳಲೇಬಾರದೇ? ಕೊಳ್ಳಿ, ನಿಮ್ಮ ದುಡ್ಡು. ಆದರೆ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿ: ಇನ್ನು ಇಪ್ಪತ್ತು ವರ್ಷ ಇದರ ಬ್ಯಾಟರಿ, ಬಿಡಿಭಾಗ ಸಿಗುತ್ತವೆಯೇ? 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಪರಂಪರೆಯ ಹೆಸರಲ್ಲಿ ದುಬಾರಿ ಬೆಲೆ ವಸೂಲು ಮಾಡುವ ಕಂಪನಿಗಳನ್ನು ಆ ಹಕ್ಕಿನ ಕಟಕಟೆಗೆ ಮೊದಲು ತರಬೇಕು. ಗುಂಡಿಯ ಗೀಳು ನಿಜವಾಗಿಯೂ ಇದ್ದರೆ ಸಿಎಸ್‌ಎಂಟಿ ಎದುರಿನ ಬೋರಾ ಬಜಾರ್‌ಗೆ ಹೋಗಿ, ಅಥವಾ ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಹುಡುಕಿ. ಅಸಲಿ ಹಳೆಯ ಕ್ಯಾಮೆರಾ ಈ ವೇಷಧಾರಿಗಳ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಉಳಿದ ದುಡ್ಡಲ್ಲಿ ಸ್ವಲ್ಪ ರಿಪೇರಿ ಮಾಡುವವರಿಗೆ ಕೊಡಿ. ಅವರು ಕಸುಬು ಬಿಟ್ಟರೆ ಎಫ್‌ಎಂ2 ಕೂಡ ಕಾಗದದ ಭಾರವೇ.

ರೀಲಿನ ತಾಪತ್ರಯ ಬೇಡವೇ? ಸರಿ, ಫೋನಿನಲ್ಲೇ ತೆಗೆಯಿರಿ. ಆದರೆ ತೆಗೆದದ್ದರಲ್ಲಿ ವರ್ಷಕ್ಕೆ ಮೂವತ್ತಾರನ್ನು ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ಊರು, ತಾರೀಖು ಬರೆದು ಆಲ್ಬಮ್ಮಿಗೆ ಸೇರಿಸಿ. ಹಳೆಯ ಕ್ಯಾಮೆರಾಗಳು ನಮ್ಮ ಮನೆಗಳಿಗೆ ಕೊಟ್ಟು ಹೋದದ್ದು ಆ ಕಾಗದವನ್ನು, ಅದರ ಹಿಂಬದಿಯ ಕೈಬರಹವನ್ನು. ಡಯಲ್ಲು, ಲಿವರ್, ಕಪ್ಪು ರೆಕ್ಸಿನ್ ಎಲ್ಲವನ್ನೂ ನಕಲು ಮಾಡಿದ ಕಂಪನಿಗಳು ಅದೊಂದನ್ನು ಮಾತ್ರ ಡಬ್ಬಿಯಲ್ಲಿಟ್ಟು ಕೊಡಲಾರವು.